ಊರು ತಲುಪಿದ ಮೇಲಿನ ದಾರಿ: ಒಡಿಸ್ಸಿಯ ಯಾನಗಳು, ಪಾತ್ರಗಳು

ಒಡಿಸ್ಸಿ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಕಡಲು. ಒಕ್ಕಣ್ಣಿನ ದೈತ್ಯ ಪಾಲಿಫೀಮಸ್, ಹಾಡಿ ಮರುಳುಮಾಡುವ ಸೈರನ್‌ಗಳು, ಗಂಡಸರನ್ನು ಹಂದಿಗಳಾಗಿಸುವ ಸರ್ಸಿ, ಆರು ತಲೆಯ ಸಿಲ್ಲಾ, ಅವಳೆದುರಿನ ಸುಳಿ ಕರಿಬ್ಡಿಸ್. ಮಕ್ಕಳ ಪುಸ್ತಕಗಳಲ್ಲಿ, ಸಿನಿಮಾಗಳಲ್ಲಿ, ಒಂದು ಪುಟದ ಸಾರಾಂಶಗಳಲ್ಲಿ ಉಳಿದಿರುವುದು ಇವೇ. ಕಾವ್ಯವನ್ನೇ ತೆರೆದು ನೋಡಿದರೆ ಲೆಕ್ಕ ಬೇರೆ. 24 ಸರ್ಗ, ಸುಮಾರು 12,100 ಸಾಲುಗಳ ಈ ಮಹಾಕಾವ್ಯದಲ್ಲಿ ಈ ಅದ್ಭುತಗಳೆಲ್ಲ ಬರುವುದು 9ರಿಂದ 12ರವರೆಗಿನ ನಾಲ್ಕೇ ಸರ್ಗಗಳಲ್ಲಿ. ಮೊದಲ ನಾಲ್ಕು ಸರ್ಗಗಳಲ್ಲಿ ನಾಯಕ ಒಡಿಸಿಯಸ್ ಕಾಣಿಸಿಕೊಳ್ಳುವುದೇ ಇಲ್ಲ. 13ನೆಯ ಸರ್ಗಕ್ಕೆ ಅವನು ತನ್ನ ದ್ವೀಪದ ದಡ ಮುಟ್ಟಿಬಿಡುತ್ತಾನೆ. ಉಳಿದ ಅರ್ಧ ಕಾವ್ಯ ನಡೆಯುವುದು ಆ ದಡದಿಂದ ಸ್ವಂತ ಮನೆಯ ಒಳಕೋಣೆಯವರೆಗಿನ ದಾರಿಯಲ್ಲಿ.

ಹೋಮರನ ಹೆಸರಿನಲ್ಲಿ ಉಳಿದಿರುವ ಈ ಕೃತಿ ಈಗಿನ ರೂಪಕ್ಕೆ ಬಂದದ್ದು ಕ್ರಿಸ್ತಪೂರ್ವ ಎಂಟನೆಯ ಶತಮಾನದ ಕೊನೆಗೋ ಏಳನೆಯ ಶತಮಾನದಲ್ಲೋ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕೆಲವು ಶತಮಾನಗಳ ಬಳಿಕ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಇದರ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದ. ಒಬ್ಬ ಮನುಷ್ಯ ಬಹುಕಾಲ ಪರದೇಶದಲ್ಲಿದ್ದಾನೆ, ಸಮುದ್ರದೇವ ಪೊಸೈಡನ್ ಅವನ ಮೇಲೆ ಕಣ್ಣಿಟ್ಟಿದ್ದಾನೆ, ಅವನು ಒಂಟಿ. ಮನೆಯಲ್ಲಿ ಹೆಂಡತಿಯನ್ನು ಬಯಸಿ ಬಂದವರು ಆಸ್ತಿ ತಿಂದು ಮಗನನ್ನು ಕೊಲ್ಲಲು ಹೊಂಚುಹಾಕಿದ್ದಾರೆ. ಅವನು ಬಂದು, ಗುರುತು ಕೊಟ್ಟು, ವೈರಿಗಳನ್ನು ಮುಗಿಸುತ್ತಾನೆ. ಇಷ್ಟೇ ಕಥೆ, ಮಿಕ್ಕದ್ದೆಲ್ಲ ಉಪಕಥೆ ಎಂದು ಅವನ ತೀರ್ಮಾನ. ಈ ಸಾರಾಂಶದಲ್ಲಿ ದೈತ್ಯನೂ ಇಲ್ಲ, ಮಾಟಗಾತಿಯೂ ಇಲ್ಲ. ಆದರೂ ಎರಡು ಸಾವಿರ ವರ್ಷಗಳಿಂದ ಓದುಗರು ಹೆಚ್ಚಾಗಿ ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ಒಡಿಸಿಯಸ್ ಎಲ್ಲೆಲ್ಲಿ ತಿರುಗಿದ? ಈ ಪ್ರಶ್ನೆಯ ಬೆನ್ನುಹತ್ತಿದವರು ಏನು ಕಂಡರು, ಕಾವ್ಯ ನಿಜಕ್ಕೂ ಯಾವ ಯಾನವನ್ನು ಹೇಳುತ್ತಿದೆ ಎಂಬುದನ್ನು ಪಾತ್ರಗಳ ಜೊತೆಯಲ್ಲೇ ನೋಡುವುದು ಈ ಬರಹದ ಉದ್ದೇಶ.

ನಕ್ಷೆಯಿಂದಲೇ ಶುರುಮಾಡೋಣ. ಟ್ರಾಯ್ ಈಗಿನ ಟರ್ಕಿಯ ವಾಯವ್ಯ ಮೂಲೆಯಲ್ಲಿತ್ತು. ಅಲ್ಲಿನ ಯುದ್ಧ ಮುಗಿಸಿ 12 ಹಡಗುಗಳೊಂದಿಗೆ ಊರಿಗೆ ಹೊರಟ ಒಡಿಸಿಯಸ್ ಮೊದಲು ಥ್ರೇಸ್ ಕರಾವಳಿಯ ಇಸ್ಮರಸ್ ಪಟ್ಟಣವನ್ನು ಲೂಟಿ ಮಾಡುತ್ತಾನೆ. ಅಲ್ಲಿ ಹಡಗೊಂದಕ್ಕೆ ಆರರಂತೆ ಜನ ಸಾಯುತ್ತಾರೆ. ಆಮೇಲೆ ಗ್ರೀಸಿನ ದಕ್ಷಿಣ ತುದಿಯ ಮಲಿಯಾ ಭೂಶಿರ. ಇಲ್ಲಿಯವರೆಗೆ ದಾರಿ ಸ್ಪಷ್ಟ, ಇಂದಿನ ಯಾವ ನಕ್ಷೆಯಲ್ಲಾದರೂ ಬೆರಳಿಟ್ಟು ತೋರಿಸಬಹುದು. ಮಲಿಯಾ ಬಳಿ ಉತ್ತರದ ಗಾಳಿ ಎದ್ದು ಒಂಬತ್ತು ದಿನ ಹಡಗುಗಳನ್ನು ಎಳೆದೊಯ್ಯುತ್ತದೆ. ಹತ್ತನೆಯ ದಿನ ಕಮಲಭಕ್ಷಕರ ನಾಡು. ಅಲ್ಲಿಂದ ಮುಂದೆ ನಕ್ಷೆ ಕೈಬಿಡುತ್ತದೆ.

ಕೈಬಿಟ್ಟ ನಕ್ಷೆಯನ್ನು ಮರಳಿ ಹಿಡಿಯುವ ಯತ್ನ ಗ್ರೀಕರಿಂದಲೇ ಆರಂಭವಾಯಿತು. ಒಡಿಸಿಯಸ್‌ನನ್ನು ಊರಿಗೆ ಮುಟ್ಟಿಸಿದ ಫಿಯೇಷಿಯನ್ನರ ನಾಡು ಕಾರ್ಫು ದ್ವೀಪವೆಂಬ ನಂಬಿಕೆ ಇತಿಹಾಸಕಾರ ಥುಸಿಡಿಡೀಸ್‌ನ ಕಾಲಕ್ಕೇ ಇತ್ತು. ಸಿಲ್ಲಾ, ಕರಿಬ್ಡಿಸ್‌ಗಳನ್ನು ಇಟಲಿ ಮತ್ತು ಸಿಸಿಲಿಯ ನಡುವಿನ ಮೆಸ್ಸಿನಾ ಜಲಸಂಧಿಯಲ್ಲಿ ಗುರುತಿಸಿದರು. ಪಾಲಿಬಿಯಸ್, ಸ್ಟ್ರಾಬೊ ಇದನ್ನು ಒಪ್ಪಿದವರು. ಒಪ್ಪದವನು ಎರಟೊಸ್ತನೀಸ್, ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ ಅಲೆಕ್ಸಾಂಡ್ರಿಯದ ವಿದ್ವಾಂಸ. ಗಾಳಿಗಳನ್ನು ತುಂಬಿಟ್ಟ ಚರ್ಮದ ಚೀಲವನ್ನು ಹೊಲಿದ ಚಮ್ಮಾರ ಸಿಕ್ಕ ದಿನ ಒಡಿಸಿಯಸ್ ತಿರುಗಿದ ಜಾಗಗಳೂ ಸಿಗುತ್ತವೆ ಎಂಬರ್ಥದ ಮಾತನ್ನು ಅವನು ಆಡಿದ್ದನೆಂದು ಸ್ಟ್ರಾಬೊ ದಾಖಲಿಸಿದ್ದಾನೆ. ಆ ಮಾತಿನ ತೂಕ ಇವತ್ತಿಗೂ ಕಡಿಮೆಯಾಗಿಲ್ಲ. ಆದರೂ ಹುಡುಕಾಟ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಫ್ರೆಂಚ್ ವಿದ್ವಾಂಸ ವಿಕ್ಟರ್ ಬೆರಾರ್ ಫಿನೀಷಿಯನ್ ನಾವಿಕರ ದಾರಿಗಳನ್ನು ಆಧರಿಸಿ ಇಡೀ ಯಾನವನ್ನು ಮೆಡಿಟರೇನಿಯನ್ ಮೇಲೆ ಗೆರೆ ಎಳೆದು ತೋರಿಸಿದ. 1980ರ ದಶಕದಲ್ಲಿ ಟಿಮ್ ಸೆವೆರಿನ್ ಹಳೆಯ ಮಾದರಿಯ ಹುಟ್ಟಿನ ಹಡಗನ್ನು ಕಟ್ಟಿಸಿಕೊಂಡು ತಾನೇ ಕಡಲಿಗಿಳಿದ. ಗ್ರೀಸಿನ ಸುತ್ತಮುತ್ತಲಲ್ಲೇ ಬಹುಪಾಲು ಜಾಗಗಳಿವೆ ಎಂದು ವಾದಿಸಿದ. ಇಬ್ಬರದೂ ಒಂದಕ್ಕೊಂದು ತಾಳೆಯಾಗದ ನಕ್ಷೆಗಳು.

ಒಡಿಸಿಯಸ್‌ನ ಊರಾದ ಇಥಾಕಾ ದ್ವೀಪದ ಪಾಡೂ ಇದೇ. ಇಂದು ಇಥಾಕಿ ಎಂದು ಕರೆಯುವ ದ್ವೀಪದಲ್ಲಿ ಹೈನ್‌ರಿಶ್ ಶ್ಲೀಮನ್ 1868ರಲ್ಲೇ, ಟ್ರಾಯ್‌ಗೆ ಕೈಹಾಕುವ ಮೊದಲೇ, ಅಗೆದು ನೋಡಿದ್ದ. ಕಾವ್ಯ ಮಾತ್ರ ಇಥಾಕಾ ತಗ್ಗಿನದು, ಸುತ್ತಲಿನ ದ್ವೀಪಗಳಲ್ಲಿ ಪಶ್ಚಿಮದ ತುದಿಯದು ಎನ್ನುತ್ತದೆ. ಇಂದಿನ ಇಥಾಕಿ ಗುಡ್ಡಗಾಡು, ಅದರ ಪಶ್ಚಿಮಕ್ಕೆ ಕೆಫಲೋನಿಯಾ ಅಡ್ಡ ಮಲಗಿದೆ. ಹಾಗಾಗಿ ಪುರಾತತ್ವಜ್ಞ ಡೋರ್ಪ್‌ಫೆಲ್ಡ್ ಲೆಫ್ಕಾಡ ದ್ವೀಪವೇ ಇಥಾಕಾ ಎಂದ. 2005ರಲ್ಲಿ ರಾಬರ್ಟ್ ಬಿಟಲ್‌ಸ್ಟೋನ್ ಕೆಫಲೋನಿಯಾದ ಪಾಲಿಕಿ ಪರ್ಯಾಯದ್ವೀಪ ಹಿಂದೆ ಪ್ರತ್ಯೇಕ ದ್ವೀಪವಾಗಿತ್ತು, ಅದೇ ಇಥಾಕಾ ಎಂದು ದೊಡ್ಡ ಗ್ರಂಥ ಬರೆದ. ಈ ಎಲ್ಲ ವಾದಗಳಿಗಿಂತ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಇಥಾಕಿಯ ಪೋಲಿಸ್ ಕೊಲ್ಲಿಯ ಗುಹೆ. ಅಲ್ಲಿ 1930ರ ದಶಕದಲ್ಲಿ ಸಿಲ್ವಿಯಾ ಬೆಂಟನ್ ನಡೆಸಿದ ಉತ್ಖನನದಲ್ಲಿ ಕಂಚಿನ ಮೂರು ಕಾಲಿನ ಕೊಪ್ಪರಿಗೆಗಳ ಅವಶೇಷಗಳು ಸಿಕ್ಕವು. ಮೊದಲೇ ಅಲ್ಲಿ ಸಿಕ್ಕಿದ್ದ ಒಂದನ್ನು ಸೇರಿಸಿದರೆ ಹದಿಮೂರು. ಕಾವ್ಯದಲ್ಲಿ ಫಿಯೇಷಿಯದ ಹನ್ನೆರಡು ಮುಖಂಡರು ಮತ್ತು ದೊರೆ ಆಲ್ಸಿನಸ್ ತಲಾ ಒಂದೊಂದು ಇಂಥ ಕೊಪ್ಪರಿಗೆಯನ್ನು ಒಡಿಸಿಯಸ್‌ಗೆ ಉಡುಗೊರೆ ಕೊಡುತ್ತಾರೆ. ಅವನು ಅವನ್ನು ಇಥಾಕಾದ ದಡದ ಗುಹೆಯೊಂದರಲ್ಲಿ ಬಚ್ಚಿಡುತ್ತಾನೆ. ಗುಹೆಯ ಕೊಪ್ಪರಿಗೆಗಳು ಕ್ರಿಸ್ತಪೂರ್ವ ಒಂಬತ್ತು, ಎಂಟನೆಯ ಶತಮಾನದವು. ನಂತರದ ಕಾಲದ ಒಂದು ಮಣ್ಣಿನ ಚೂರಿನ ಮೇಲೆ ಒಡಿಸಿಯಸ್‌ಗೆ ಹರಕೆ ಎಂದು ಕೊರೆದಿದೆ. ಇದು ಒಡಿಸಿಯಸ್ ಇದ್ದನೆಂಬುದಕ್ಕೆ ಸಾಕ್ಷಿಯಾಗದು. ಅವನ ಹೆಸರಿನಲ್ಲಿ ಜನ ಅಲ್ಲಿ ಕೈಮುಗಿದಿದ್ದರು ಎಂಬುದಕ್ಕೆ ಮಾತ್ರ ಗಟ್ಟಿ ಸಾಕ್ಷಿ.

ನಕ್ಷೆ ಹುಡುಕುವವರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ದೈತ್ಯ, ಮಾಟಗಾತಿ, ಸೈರನ್‌ಗಳ ಕಥೆಯನ್ನು ಕವಿ ತನ್ನ ಬಾಯಲ್ಲಿ ಹೇಳುವುದಿಲ್ಲ. ಅದನ್ನು ಹೇಳುವವನು ಒಡಿಸಿಯಸ್, ಆಲ್ಸಿನಸ್‌ನ ಸಭೆಯಲ್ಲಿ, ಊಟದ ನಂತರ, ಊರಿಗೆ ಹೋಗಲು ಹಡಗು ಬೇಕಾಗಿರುವ ಹೊತ್ತಿನಲ್ಲಿ. ಅದೇ ಮನುಷ್ಯ ಇಥಾಕಾಕ್ಕೆ ಬಂದ ಮೇಲೆ ಐದು ಸಲ ಸುಳ್ಳು ಆತ್ಮಕಥೆ ಹೇಳುತ್ತಾನೆ: ಕುರುಬನ ವೇಷದ ಅಥೀನಾ ದೇವಿಗೆ, ಹಂದಿ ಕಾಯುವ ಯೂಮಿಯಸ್‌ಗೆ, ಹೆಂಡತಿಯನ್ನು ಬಯಸಿ ಬಂದವರಲ್ಲೊಬ್ಬನಾದ ಆಂಟಿನಸ್‌ಗೆ, ಹೆಂಡತಿಗೆ, ಕೊನೆಗೆ ಹೆತ್ತ ತಂದೆಗೆ. ಈ ಐದು ಸುಳ್ಳುಗಳಲ್ಲಿ ಬರುವ ಊರುಗಳು ಕ್ರೀಟ್, ಈಜಿಪ್ಟ್, ಫಿನೀಷಿಯಾ, ಸೈಪ್ರಸ್‌ನಂಥವು. ಕಡಲ್ಗಳ್ಳತನ, ಸೆರೆ, ಗುಲಾಮಗಿರಿ, ಒಡೆದ ಹಡಗು, ಎಲ್ಲವೂ ಆ ಕಾಲದ ಮೆಡಿಟರೇನಿಯನ್‌ನಲ್ಲಿ ದಿನವೂ ನಡೆಯುತ್ತಿದ್ದ ಸಂಗತಿಗಳು. ನಿಜವೆಂದು ಹೇಳಿದ ಯಾನಕ್ಕೆ ನಕ್ಷೆಯಿಲ್ಲ. ಸುಳ್ಳೆಂದು ನಮಗೆ ಗೊತ್ತಿರುವ ಯಾನಗಳಿಗೆ ನಕ್ಷೆಯಿದೆ. ಹಾಗೆಂದು ಕಡಲ ಕಥೆಗಳೆಲ್ಲ ಕಟ್ಟುಕಥೆ ಎನ್ನುವಂತಿಲ್ಲ. ಸೂರ್ಯನ ದನಗಳನ್ನು ತಿಂದು ಸತ್ತ ಸಂಗಾತಿಗಳ ವಿಚಾರ ಕಾವ್ಯದ ಮೊದಲ ಸಾಲುಗಳಲ್ಲೇ ಕವಿಯ ದನಿಯಲ್ಲಿ ಬಂದಿದೆ. ಪಾಲಿಫೀಮಸ್‌ನ ಕಣ್ಣು ಹೋದದ್ದನ್ನು ಸ್ಯೂಸ್ ದೇವನೇ ಒಪ್ಪಿ ಹೇಳುತ್ತಾನೆ. ಕವಿ ಬಾಗಿಲನ್ನು ಅರ್ಧ ತೆರೆದೇ ಬಿಟ್ಟಿದ್ದಾನೆ, ಓದುಗ ಅದನ್ನು ಪೂರ್ತಿ ಮುಚ್ಚಲೂ ಬಾರದು, ತೆರೆಯಲೂ ಬಾರದು.

ಕಥೆ ಹೇಳುವವರ ವಿಷಯಕ್ಕೆ ಬಂದರೆ, ಈ ಕಾವ್ಯದೊಳಗೇ ಇಬ್ಬರು ಗಾಯಕರಿದ್ದಾರೆ. ಫಿಯೇಷಿಯದ ಕುರುಡ ಡೆಮೊಡೊಕಸ್ ಟ್ರಾಯ್ ಯುದ್ಧದ ಹಾಡು ಹಾಡುವಾಗ ಒಡಿಸಿಯಸ್ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಅಳುತ್ತಾನೆ. ಇಥಾಕಾದ ಫೀಮಿಯಸ್ ಬಲವಂತಕ್ಕೆ ಹಾಡಿದವನೆಂದು ಕೊನೆಗೆ ಜೀವ ಉಳಿಸಿಕೊಳ್ಳುತ್ತಾನೆ. ಬರಹದ ಆಸರೆಯಿಲ್ಲದೆ ಇಷ್ಟು ದೊಡ್ಡ ಕಾವ್ಯ ಕಟ್ಟಲು ಸಾಧ್ಯವೇ ಎಂಬ ಹಳೆಯ ಸಂಶಯಕ್ಕೆ 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ಉತ್ತರ ಹುಡುಕಿದ. ಅವ್ದೊ ಮೆಜೆದೊವಿಚ್ ಎಂಬ ಗಾಯಕ 12,000ಕ್ಕೂ ಹೆಚ್ಚು ಸಾಲುಗಳ ಒಂದೇ ಹಾಡನ್ನು ಹಾಡಿದ್ದನ್ನು ಅವನು ದಾಖಲಿಸಿದ. ಅದು ಒಡಿಸ್ಸಿಯಷ್ಟೇ ಉದ್ದ. ಪ್ಯಾರಿ ತೀರಿಕೊಂಡ ಮೇಲೆ ಆ ಕೆಲಸವನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ 1960ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಈ ಚರ್ಚೆಯ ಮುಂದಿನ ದೊಡ್ಡ ಹೆಜ್ಜೆ ನಮ್ಮ ಕರಾವಳಿಯಲ್ಲೇ ಬಿತ್ತು ಎಂಬುದು ಅನೇಕ ಕನ್ನಡ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಯೋಗದಲ್ಲಿ, ದಕ್ಷಿಣ ಕನ್ನಡದ ಗೋಪಾಲ ನಾಯ್ಕರ ಬಾಯಿಂದ ತುಳು ‘ಸಿರಿ’ ಮಹಾಕಾವ್ಯವನ್ನು 1990ರಲ್ಲಿ ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಪಠ್ಯ 15,683 ಸಾಲು. ಹೋಮರನ ಇನ್ನೊಂದು ಕಾವ್ಯ ಇಲಿಯಡ್ 15,693 ಸಾಲು. ಒಬ್ಬ ಜೀವಂತ ಗಾಯಕ ಮೌಖಿಕವಾಗಿ ಇಂಥ ಕಾವ್ಯವನ್ನು ಕಟ್ಟಿ ನಿಲ್ಲಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಹೋಮರ್ ಒಬ್ಬನೇ ಇದ್ದನೋ ಹಲವರೋ ಎಂಬ ಪ್ರಶ್ನೆ ಇದರಿಂದ ಬಗೆಹರಿಯದು. ಆದರೆ ಅಷ್ಟು ಉದ್ದದ ಕಾವ್ಯಕ್ಕೆ ಬರಹ ಬೇಕೇಬೇಕಿತ್ತು ಎಂಬ ವಾದ ಮಾತ್ರ ಇನ್ನು ನಿಲ್ಲದು.

ಈಗ ಪಾತ್ರಗಳಿಗೆ ಬರೋಣ. ಮೊದಲ ಯಾನ ಮಗನದು. ತಂದೆ ಹೊರಟಾಗ ಟೆಲಿಮಾಕಸ್ ಎದೆಹಾಲು ಕುಡಿಯುವ ಕೂಸು. ಈಗ ಇಪ್ಪತ್ತರ ಹುಡುಗ, ಮನೆತುಂಬ ತಾಯಿಯನ್ನು ಮದುವೆಯಾಗಲು ಬಂದ ಗಂಡಸರು. ಅವನೇ ಕೊಡುವ ಲೆಕ್ಕದಂತೆ 108 ಮಂದಿ: ಡುಲಿಕಿಯಂನಿಂದ 52, ಸಾಮೆಯಿಂದ 24, ಜಕಿಂತಸ್‌ನಿಂದ 20, ಇಥಾಕಾದಿಂದಲೇ 12. ಅಥೀನಾಳ ಪ್ರೇರಣೆಯಿಂದ ಅವನು ಪೈಲಾಸ್‌ನ ಮುದಿ ನೆಸ್ಟರ್ ಬಳಿಗೆ, ಅಲ್ಲಿಂದ ರಥದಲ್ಲಿ ಸ್ಪಾರ್ಟಾಕ್ಕೆ, ಮೆನೆಲಾಸ್ ಮತ್ತು ಹೆಲೆನ್ ಇರುವಲ್ಲಿಗೆ ಹೋಗುತ್ತಾನೆ. ಈ ನಾಲ್ಕು ಸರ್ಗಗಳನ್ನು ಯಾರೋ ಆಮೇಲೆ ಸೇರಿಸಿದರು ಎಂದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸರು ವಾದಿಸಿದ್ದುಂಟು. ಅದನ್ನು ಒಪ್ಪುವುದು ಕಷ್ಟ. ತಂದೆಯ ಸುದ್ದಿಯೇನೂ ದೊಡ್ಡದಾಗಿ ಸಿಗದಿದ್ದರೂ, ಅತಿಥಿಯನ್ನು ಹೇಗೆ ಬರಮಾಡಿಕೊಳ್ಳಬೇಕು, ದೊಡ್ಡಮನೆ ಹೇಗೆ ನಡೆಯಬೇಕು, ದುಃಖವನ್ನು ಹೇಗೆ ನುಂಗಬೇಕು ಎಂಬುದನ್ನು ಅವನು ಅಲ್ಲಿ ನೋಡಿ ಕಲಿಯುತ್ತಾನೆ. ಯುದ್ಧ ಗೆದ್ದವರು ಏನಾದರು ಎಂಬ ಚಿತ್ರವೂ ಅಲ್ಲೇ ಸಿಗುತ್ತದೆ. ಎಂಟು ವರ್ಷ ಅಲೆದು ಈಜಿಪ್ಟಿನ ಸಂಪತ್ತು ಹೊತ್ತು ಬಂದ ಮೆನೆಲಾಸ್‌ನಿಗೆ ತನ್ನ ಅರಮನೆಯಲ್ಲೇ ನೆಮ್ಮದಿಯಿಲ್ಲ. ಅವನ ಅಣ್ಣ ಅಗಮೆಮ್ನನ್ ಮನೆ ಸೇರಿದ ದಿನವೇ ಕೊಲೆಯಾದ. ಆ ಕೊಲೆಯ ಪ್ರಸ್ತಾಪ ಕಾವ್ಯದುದ್ದಕ್ಕೂ ಮತ್ತೆಮತ್ತೆ ಬರುತ್ತದೆ, ಮನೆ ತಲುಪುವುದೇ ಅಪಾಯದ ಆರಂಭವೆಂದು ಎಚ್ಚರಿಸುವ ಹಾಗೆ.

ಒಡಿಸಿಯಸ್ ನಮಗೆ ಮೊದಲು ಕಾಣುವುದು ಐದನೆಯ ಸರ್ಗದಲ್ಲಿ, ಕ್ಯಾಲಿಪ್ಸೊಳ ದ್ವೀಪದ ಬಂಡೆಯ ಮೇಲೆ ಕೂತು ಸಮುದ್ರ ನೋಡುತ್ತ ಅಳುತ್ತಿರುವವನಾಗಿ. ಅಲ್ಲಿ ಅವನು ಕಳೆದದ್ದು ಏಳು ವರ್ಷ. ಹತ್ತು ವರ್ಷದ ಅಲೆದಾಟ ಎನ್ನುತ್ತೇವಲ್ಲ, ಅದರಲ್ಲಿ ಏಳು ವರ್ಷ ಇಲ್ಲಿ, ಒಂದು ವರ್ಷ ಸರ್ಸಿಯ ಮನೆಯಲ್ಲಿ. ನಿಜವಾಗಿ ಕಡಲ ಮೇಲೆ ಕಳೆದದ್ದು ಎಷ್ಟು ಕಡಿಮೆ ಎಂಬುದನ್ನು ನೋಡಿ. ಸಾವಿಲ್ಲದ ಬದುಕು ಕೊಡುತ್ತೇನೆ ಎಂದ ದೇವತೆಗೆ ಅವನು ಬೇಡವೆನ್ನುತ್ತಾನೆ; ನನ್ನ ಹೆಂಡತಿ ಪೆನೆಲೊಪಿ ನಿನ್ನಷ್ಟು ಚೆಲುವೆಯಲ್ಲ, ಅವಳು ಸಾಯುವವಳು, ಆದರೂ ನನಗೆ ಮನೆಯೇ ಬೇಕು ಎನ್ನುತ್ತಾನೆ. ಇಪ್ಪತ್ತು ಮರ ಕಡಿದು, ನಾಲ್ಕು ದಿನದಲ್ಲಿ ತೆಪ್ಪ ಕಟ್ಟಿ, ಸಪ್ತರ್ಷಿ ಮಂಡಲವನ್ನು ಎಡಕ್ಕಿಟ್ಟುಕೊಂಡು ನಿದ್ದೆಯಿಲ್ಲದೆ ಹದಿನೇಳು ದಿನ ನಡೆಸುತ್ತಾನೆ. ಸಾಹಸಿಯ ಚಿತ್ರಕ್ಕಿಂತ ಬಡಗಿಯ, ನಾವಿಕನ ಚಿತ್ರ ಇಲ್ಲಿ ದೊಡ್ಡದು.

ಅವನ ದೋಷಗಳನ್ನೂ ಕಾವ್ಯ ಮುಚ್ಚಿಡುವುದಿಲ್ಲ. ಸಂಗಾತಿಗಳು ತಮ್ಮ ಅವಿವೇಕದಿಂದಲೇ ಸತ್ತರು ಎಂದು ಮೊದಲ ಸಾಲುಗಳು ಹೇಳುತ್ತವೆ. ಆದರೆ ಪಾಲಿಫೀಮಸ್‌ನ ಗುಹೆಯಲ್ಲಿ, ಗಿಣ್ಣು ತೆಗೆದುಕೊಂಡು ಬೇಗ ಹೊರಟುಬಿಡೋಣ ಎಂದವರು ಸಂಗಾತಿಗಳು. ಅತಿಥಿಗೆ ಸಲ್ಲುವ ಉಡುಗೊರೆ ನೋಡಿಯೇ ಹೋಗುತ್ತೇನೆ ಎಂದು ಕೂತವನು ಒಡಿಸಿಯಸ್. ಆರು ಜನ ದೈತ್ಯನ ಬಾಯಿಗೆ ಬಿದ್ದರು. ತಪ್ಪಿಸಿಕೊಂಡ ಮೇಲೂ ಸುಮ್ಮನಿರದೆ ಹಡಗಿನಿಂದ ತನ್ನ ಹೆಸರು, ತಂದೆಯ ಹೆಸರು, ಊರು ಕೂಗಿ ಹೇಳಿದ. ಆ ಹೆಸರು ಹಿಡಿದೇ ದೈತ್ಯ ತನ್ನ ತಂದೆ ಪೊಸೈಡನ್‌ಗೆ ಶಾಪದ ಪ್ರಾರ್ಥನೆ ಮಾಡಿದ. ಮುಂದೆ ಅವನು ಹೋಗುವ ಪ್ರೇತಲೋಕದಲ್ಲಿ ಇನ್ನೊಂದು ಲೆಕ್ಕ ಬಾಕಿಯಿರುತ್ತದೆ. ಅಕಿಲೀಸ್‌ನ ಆಯುಧಗಳನ್ನು ಒಡಿಸಿಯಸ್ ಗೆದ್ದುಕೊಂಡದ್ದಕ್ಕೆ ಮನನೊಂದು ಸತ್ತ ಏಜಾಕ್ಸ್, ಸಮಾಧಾನದ ಮಾತಿಗೆ ಒಂದು ಶಬ್ದವನ್ನೂ ಆಡದೆ ತಿರುಗಿ ಹೋಗುತ್ತಾನೆ. ಕನ್ನಡದವರಿಗೆ ಈ ಏಜಾಕ್ಸ್ ಹೊಸಬನಲ್ಲ: ಸಾಫೊಕ್ಲೀಸ್ ಅವನ ಮೇಲೆ ಬರೆದ ನಾಟಕವನ್ನೇ ಬಿ.ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಆಗಿ ನಮ್ಮ ನೆಲಕ್ಕೆ ತಂದರು.

ಇಡೀ ಕಾವ್ಯವನ್ನು ಹಿಡಿದಿಟ್ಟಿರುವ ದಾರ ಅತಿಥಿಧರ್ಮ. ಬಾಗಿಲಿಗೆ ಬಂದವನ ಹೆಸರು ಕೇಳುವ ಮೊದಲು ಕೈಗೆ ನೀರು, ಕೂರಲು ಪೀಠ, ಹೊಟ್ಟೆಗೆ ಊಟ. ಇದನ್ನು ಯಾರು ಹೇಗೆ ಪಾಲಿಸುತ್ತಾರೆ ಎಂಬುದರಿಂದಲೇ ಪಾತ್ರದ ಬೆಲೆ ತಿಳಿಯುತ್ತದೆ. ಮೊದಲ ಸರ್ಗದಲ್ಲಿ ಅಪರಿಚಿತನೊಬ್ಬ ಹೊಸ್ತಿಲಲ್ಲಿ ಕಾಯುತ್ತಿರುವುದನ್ನು ಕಂಡು ನಾಚಿ ಓಡಿಬರುವವನು ಟೆಲಿಮಾಕಸ್ ಒಬ್ಬನೇ. ಬಂದವನು ವೇಷ ಮರೆಸಿದ ಅಥೀನಾ. ಪಾಲಿಫೀಮಸ್ ತನ್ನ ಅತಿಥಿಗೆ ಕೊಡುವ ಉಡುಗೊರೆ, ನಿನ್ನನ್ನು ಎಲ್ಲರಿಗಿಂತ ಕೊನೆಗೆ ತಿನ್ನುತ್ತೇನೆ ಎಂಬ ಮಾತು. 20ನೆಯ ಸರ್ಗದಲ್ಲಿ, ಭಿಕ್ಷುಕನ ವೇಷದ ಒಡಿಸಿಯಸ್ ತನ್ನದೇ ಹಜಾರದಲ್ಲಿ ಕೂತಿರುವಾಗ, ಟೆಸಿಪ್ಪಸ್ ಎಂಬವನು ಇದೋ ಅತಿಥಿಯ ಉಡುಗೊರೆ ಎಂದು ಎತ್ತಿನ ಕಾಲನ್ನು ಎಸೆಯುತ್ತಾನೆ. ಗುಹೆಯೂ ಅರಮನೆಯೂ ಒಂದೇ ಎಂದು ಕವಿ ಬಾಯಿಬಿಟ್ಟು ಹೇಳುವುದಿಲ್ಲ, ಹಾಗೆ ಜೋಡಿಸಿಡುತ್ತಾನೆ. ಬಾಗಿಲು ಹಾಕಿ ಒಳಗಿದ್ದವರನ್ನೆಲ್ಲ ಕೊಲ್ಲುವ ಒಡಿಸಿಯಸ್ ಆ ಹೊತ್ತಿಗೆ ಪಾಲಿಫೀಮಸ್‌ನ ಜಾಗದಲ್ಲಿ ನಿಂತಿರುತ್ತಾನೆ ಎಂಬುದೂ ಆ ಜೋಡಣೆಯಲ್ಲೇ ಸೇರಿದೆ.

ಅತಿಥಿಧರ್ಮದ ಶಿಖರ ಮಾತ್ರ ಯಾವ ದೊರೆಯ ಮನೆಯಲ್ಲೂ ಇಲ್ಲ. ಅದು ಯೂಮಿಯಸ್‌ನ ಹಂದಿದೊಡ್ಡಿಯಲ್ಲಿದೆ. ಹನ್ನೆರಡು ದೊಡ್ಡಿ, ಒಂದೊಂದರಲ್ಲಿ ಐವತ್ತು ಹೆಣ್ಣುಹಂದಿ, ಹೊರಗೆ 360 ಗಂಡುಹಂದಿ. ದಿನಕ್ಕೊಂದು ಕೊಬ್ಬಿದ ಹಂದಿ ಅರಮನೆಗೆ ಹೋಗಬೇಕಾದ್ದರಿಂದ ಸಂಖ್ಯೆ ಇಳಿಯುತ್ತಿದೆ. ನಾಯಿಗಳು ಮೇಲೆರಗಿದಾಗ ಒಡಿಸಿಯಸ್ ಕೋಲು ಕೆಳಗೆ ಬಿಟ್ಟು ನೆಲದ ಮೇಲೆ ಕೂತುಬಿಡುತ್ತಾನೆ. ಯೂಮಿಯಸ್ ಕೈಯಲ್ಲಿದ್ದ ಚರ್ಮ ಬಿಸಾಡಿ ಓಡಿಬಂದು ನಾಯಿಗಳನ್ನು ಅಟ್ಟುತ್ತಾನೆ. ತಾನು ಮಲಗುವ ಚರ್ಮವನ್ನೇ ಹಾಸಿ ಕೂರಿಸುತ್ತಾನೆ, ಆಳುಗಳ ಪಾಲಿಗೆ ಬರುವ ಮರಿಹಂದಿಗಳನ್ನೇ ಸುಟ್ಟು ಬಡಿಸುತ್ತಾನೆ. ಚಳಿಯ ರಾತ್ರಿಯಲ್ಲಿ ಮುದುಕನ ಮೇಲೆ ತನ್ನ ಕಂಬಳಿ ಹೊದಿಸಿ ತಾನು ಹಂದಿ ಕಾಯಲು ಹೊರಗೆ ಹೋಗಿ ಮಲಗುತ್ತಾನೆ. ಅವನಿಗೂ ಒಂದು ಯಾನವಿದೆ. ಸಿರಿಯೆ ಎಂಬ ದ್ವೀಪದ ದೊರೆಯ ಮಗ ಅವನು. ಮನೆಯ ಫಿನೀಷಿಯನ್ ದಾಸಿ ತನ್ನ ನಾಡಿನ ವ್ಯಾಪಾರಿಗಳೊಂದಿಗೆ ಸೇರಿ ಮಗುವನ್ನು ಹಡಗಿಗೆ ಹತ್ತಿಸಿದಳು, ದಾರಿಯಲ್ಲೇ ಸತ್ತಳು, ಮಗುವನ್ನು ಒಡಿಸಿಯಸ್‌ನ ತಂದೆ ಲಾಯರ್ಟೀಸ್ ಕೊಂಡುಕೊಂಡ. ಮನೆಗೆ ಹಿಂದಿರುಗುವ ಕಾವ್ಯದಲ್ಲಿ ಎಂದೂ ಹಿಂದಿರುಗಲಾರದವನು ಇವನು. ಕವಿ ತನ್ನ ಪಾತ್ರಗಳ ಪೈಕಿ ‘ನೀನು’ ಎಂದು ನೇರವಾಗಿ ಕರೆದು ಮಾತಾಡಿಸುವುದು ಈ ಕಾವ್ಯದಲ್ಲಿ ಇವನೊಬ್ಬನನ್ನೇ. ಯಾಕೆಂದು ವಿದ್ವಾಂಸರು ಛಂದಸ್ಸಿನ ಕಾರಣ ಕೊಡುತ್ತಾರೆ. ನನಗೆ ಅದು ಪ್ರೀತಿಯಂತೆಯೇ ಕೇಳಿಸುತ್ತದೆ.

ಊರಿಗೆ ಬಂದ ರೀತಿಯಲ್ಲೇ ಒಂದು ವಿಚಿತ್ರವಿದೆ. ಇಪ್ಪತ್ತು ವರ್ಷ ಕಾದ ದಡಕ್ಕೆ ಒಡಿಸಿಯಸ್ ಬಂದಿಳಿದದ್ದು ಗಾಢ ನಿದ್ದೆಯಲ್ಲಿ. ಎದ್ದಾಗ ಮಂಜು ಕವಿದು ತನ್ನ ನೆಲವೇ ಗುರುತು ಹತ್ತಲಿಲ್ಲ. ಅಲ್ಲಿಂದ ಆರಂಭವಾಗುವುದು ಗುರುತಿನ ಸರಣಿ. ಮಗನಿಗೆ ತಾನೇ ಹೇಳಿಕೊಳ್ಳುತ್ತಾನೆ. ಮುದಿನಾಯಿ ಆರ್ಗಸ್ ಸಗಣಿಯ ರಾಶಿಯ ಮೇಲಿಂದ ಬಾಲ ಅಲ್ಲಾಡಿಸಿ ಸಾಯುತ್ತದೆ. ಆಮೇಲೆ ದಾದಿ ಯೂರಿಕ್ಲಿಯಾ. 19ನೆಯ ಸರ್ಗದ ಈ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಲಾಯರ್ಟೀಸ್ ಇಪ್ಪತ್ತು ಎತ್ತಿನ ಬೆಲೆ ಕೊಟ್ಟು ತಂದ ದಾಸಿ ಅವಳು, ಒಡಿಸಿಯಸ್‌ನನ್ನು ಎತ್ತಿ ಆಡಿಸಿದವಳು. ಪೆನೆಲೊಪಿಯ ಮಾತಿನಂತೆ ಅಪರಿಚಿತ ಮುದುಕನ ಕಾಲು ತೊಳೆಯಲು ಬರುತ್ತಾಳೆ. ದನಿ, ಮೈಕಟ್ಟು, ಪಾದ ಎಲ್ಲ ನಮ್ಮ ಒಡೆಯನಂತೆಯೇ ಇವೆಯಲ್ಲ ಎನ್ನುತ್ತಾಳೆ. ಅವನು ಬೆಂಕಿಯ ಬೆಳಕಿನಿಂದ ಕತ್ತಲೆಗೆ ತಿರುಗಿ ಕೂರುತ್ತಾನೆ. ಕೈ ಮಂಡಿಯ ಮೇಲಿನ ಕಲೆಗೆ ತಾಗುತ್ತದೆ. ಅಲ್ಲಿ ಕವಿ ಕಥೆಯನ್ನು ನಿಲ್ಲಿಸಿ, ಎಪ್ಪತ್ತಕ್ಕೂ ಹೆಚ್ಚು ಸಾಲುಗಳಲ್ಲಿ ಹೆಸರಿಟ್ಟ ತಾತ ಆಟೊಲಿಕಸ್‌ನ ಕಥೆ, ಪರ್ನಾಸಸ್ ಬೆಟ್ಟದ ಬೇಟೆ, ಕೋರೆಹಲ್ಲಿನಿಂದ ಹುಡುಗನ ತೊಡೆ ಸೀಳಿದ ಕಾಡುಹಂದಿ, ಎಲ್ಲವನ್ನೂ ಹೇಳಿ ಹಿಂದಿರುಗುತ್ತಾನೆ. ಆಗ ಅವಳ ಕೈಯಿಂದ ಕಾಲು ಜಾರುತ್ತದೆ, ಕಂಚಿನ ಬೋಗುಣಿ ಝಣ್ಣೆಂದು ವಾಲುತ್ತದೆ, ನೀರು ನೆಲಕ್ಕೆ ಚೆಲ್ಲುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಗಂಟಲು ಹಿಡಿಯುತ್ತಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಸ್ತಾಂಬುಲ್‌ನಲ್ಲಿ ಆಶ್ರಯ ಪಡೆದಿದ್ದ ಎರಿಕ್ ಔಅರ್‌ಬಾಕ್ ತನ್ನ ‘ಮಿಮೆಸಿಸ್’ ಗ್ರಂಥದ ಮೊದಲ ಅಧ್ಯಾಯವನ್ನು ಈ ಕಲೆಯ ಮೇಲೆಯೇ ಬರೆದ. ಹೋಮರನಲ್ಲಿ ಎಲ್ಲವೂ ಬೆಳಕಿನಲ್ಲಿದೆ, ಹಿನ್ನೆಲೆಯ ಕತ್ತಲೆ ಇಲ್ಲ ಎಂದ. ಆ ಎಪ್ಪತ್ತು ಸಾಲು ಮುದುಕಿಯ ಬೆರಳು ಕಲೆಯನ್ನು ಮುಟ್ಟಿದ ಕ್ಷಣದಲ್ಲಿ ಅವಳೊಳಗೆ ಹಾದುಹೋದ ನೆನಪು ಎಂದು ಓದುವವರೂ ಇದ್ದಾರೆ. ನಾನು ಇವರ ಪಕ್ಷ.

ಪೆನೆಲೊಪಿಗೆ ಗುರುತು ಸಿಕ್ಕಿದ್ದು ಯಾವಾಗ ಎಂಬುದು ಇಡೀ ಕಾವ್ಯದ ಅತ್ಯಂತ ಬಿರುಸಿನ ಚರ್ಚೆ. ಮಾವ ಲಾಯರ್ಟೀಸ್‌ನ ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಹಗಲು ನೇಯ್ದು ರಾತ್ರಿ ಬಿಚ್ಚುತ್ತ ಮೂರು ವರ್ಷ ದೂಡಿದವಳು, ಗಂಡ ಬರುವ ಸೂಚನೆಗಳು ಕೂಡಿಬರುತ್ತಿರುವಾಗಲೇ ಗೆದ್ದವನನ್ನು ಮದುವೆಯಾಗುವುದಾಗಿ ಬಿಲ್ಲಿನ ಸ್ಪರ್ಧೆ ಏರ್ಪಡಿಸುತ್ತಾಳೆ. ಭಿಕ್ಷುಕ ತನ್ನ ಗಂಡನೇ ಎಂದು ಆಗಲೇ ತಿಳಿದಿತ್ತು ಎಂದು ಫಿಲಿಪ್ ಹಾರ್ಶ್ 1950ರಲ್ಲಿ ವಾದಿಸಿದ. 24ನೆಯ ಸರ್ಗದಲ್ಲಿ, ಅವಳನ್ನು ಬಯಸಿ ಬಂದು ಸತ್ತ ಆಂಫಿಮೆಡಾನ್‌ನ ಪ್ರೇತವೂ ಗಂಡಹೆಂಡತಿ ಸೇರಿ ಹೂಡಿದ ಉಪಾಯ ಅದೆನ್ನುತ್ತದೆ. ನನಗೆ ಇದು ಸರಿಕಾಣುವುದಿಲ್ಲ. ಮಗನಿಗೆ ಗಡ್ಡ ಬಂದಾಗ ನೀನು ಮರುಮದುವೆಯಾಗು ಎಂದು ಒಡಿಸಿಯಸ್ ಹೊರಡುವಾಗ ಹೇಳಿದ್ದನೆಂದು ಅವಳೇ 18ನೆಯ ಸರ್ಗದಲ್ಲಿ ನೆನೆಯುತ್ತಾಳೆ. ಗಡ್ಡ ಬಂದಿದೆ, ಮಗನ ಜೀವಕ್ಕೆ ಹೊಂಚು ನಡೆದಿದೆ. ತಿಳಿಯದೆಯೇ, ಎದೆ ಗಟ್ಟಿಮಾಡಿಕೊಂಡು, ಅವಳು ತೀರ್ಮಾನಿಸುತ್ತಾಳೆ. ಅದರಲ್ಲೇ ಅವಳ ದೊಡ್ಡತನ. ಎಲ್ಲ ಮುಗಿದು ಗಂಡ ಎದುರಿಗೆ ಕೂತಾಗಲೂ ನಂಬದೆ, ಮಂಚವನ್ನು ಕೋಣೆಯಾಚೆ ಹಾಕಿ ಎಂದು ದಾದಿಗೆ ಹೇಳುತ್ತಾಳೆ. ಬೇರೂರಿದ ಆಲಿವ್ ಮರದ ಬುಡವನ್ನೇ ಕಾಲಾಗಿಸಿ ತಾನೇ ಮಾಡಿದ ಮಂಚ ಕದಲುವುದು ಹೇಗೆ ಎಂದು ಅವನು ಸಿಟ್ಟಿಗೇಳುತ್ತಾನೆ. ಎಲ್ಲರನ್ನೂ ಪರೀಕ್ಷಿಸುತ್ತ ಬಂದವನನ್ನು ಪರೀಕ್ಷಿಸಿ ಗೆದ್ದವಳು ಅವಳೊಬ್ಬಳೇ.

ಆ ಮಂಚಕ್ಕೆ ಮೊದಲು ನಡೆದದ್ದನ್ನು ಓದದೆ ದಾಟಬಾರದು. ಮನೆಯ ಐವತ್ತು ದಾಸಿಯರಲ್ಲಿ ಹನ್ನೆರಡು ಮಂದಿ ಪೆನೆಲೊಪಿಯನ್ನು ಬಯಸಿ ಬಂದ ಗಂಡಸರ ಜೊತೆ ಮಲಗಿದ್ದರೆಂದು, ಹೆಣಗಳನ್ನು ಹೊರಿಸಿ, ರಕ್ತ ತೊಳೆಸಿ, ಆಮೇಲೆ ಹಡಗಿನ ಹಗ್ಗದಲ್ಲಿ ಸಾಲಾಗಿ ನೇಣು ಹಾಕುತ್ತಾರೆ. ಕತ್ತಿಯಿಂದ ಕೊಲ್ಲೆಂದವನು ತಂದೆ, ನೇಣನ್ನು ಆರಿಸಿದವನು ಮಗ. ಗಾಯಕ ಫೀಮಿಯಸ್‌ಗೆ ಸಿಕ್ಕ ಬಲವಂತದ ರಿಯಾಯಿತಿ ಈ ಹೆಂಗಸರಿಗೆ ಸಿಗಲಿಲ್ಲ. ಶತಮಾನಗಳ ಕಾಲ ವಿಮರ್ಶಕರು ಇದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. 2005ರಲ್ಲಿ ಮಾರ್ಗರೆಟ್ ಆಟ್‌ವುಡ್ ‘ಪೆನೆಲೊಪಿಯಾಡ್’ನಲ್ಲಿ ಈ ಹನ್ನೆರಡು ಮಂದಿಗೆ ದನಿ ಕೊಟ್ಟಳು, 2017ರಲ್ಲಿ ಬಂದ ಎಮಿಲಿ ವಿಲ್ಸನ್‌ಳ ಇಂಗ್ಲಿಷ್ ಅನುವಾದ ಅವರ ದಾಸ್ಯವನ್ನು ಮರೆಮಾಚಲಿಲ್ಲ. ಹೋಮರ್ ಈ ಕೊಲೆಯನ್ನು ಖಂಡಿಸುವುದಿಲ್ಲ, ಆದರೆ ಆ ಕಾಲುಗಳು ಒಂದಿಷ್ಟು ಹೊತ್ತು ಒದ್ದಾಡಿ ನಿಂತದ್ದನ್ನು ಹೇಳದೆ ಬಿಡುವುದೂ ಇಲ್ಲ. ಮನೆ ಮರಳಿ ಸಿಕ್ಕಿದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ಅಲೆಕ್ಸಾಂಡ್ರಿಯದ ಅರಿಸ್ಟೊಫನೀಸ್, ಅರಿಸ್ಟಾರ್ಕಸ್ ಎಂಬ ಪ್ರಾಚೀನ ಪಂಡಿತರು, ಗಂಡಹೆಂಡತಿ ಹಾಸಿಗೆ ಸೇರಿದಲ್ಲಿಗೆ, ಅಂದರೆ 23ನೆಯ ಸರ್ಗದ 296ನೆಯ ಸಾಲಿಗೆ, ಕಾವ್ಯದ ಕೊನೆ ಎಂದು ಭಾವಿಸಿದ್ದರು. 24ನೆಯ ಸರ್ಗ ಸಡಿಲವಾಗಿದೆ ನಿಜ, ಕೊನೆಯ ರಾಜಿಯಂತೂ ಅವಸರದ್ದು. ಆದರೆ ಅದಿಲ್ಲದಿದ್ದರೆ ತಂದೆಯಿಲ್ಲ. ಹರಿದ ಬಟ್ಟೆಯುಟ್ಟು ತೋಟದಲ್ಲಿ ಗಿಡದ ಬುಡ ಅಗೆಯುತ್ತಿರುವ ಲಾಯರ್ಟೀಸ್ ಗುರುತು ಕೇಳಿದಾಗ, ಒಡಿಸಿಯಸ್ ತಾನು ಚಿಕ್ಕವನಿದ್ದಾಗ ಅಪ್ಪ ತನಗೆ ಕೊಟ್ಟ ಮರಗಳನ್ನು ಎಣಿಸಿ ಹೇಳುತ್ತಾನೆ: ಹದಿಮೂರು ಪೇರು, ಹತ್ತು ಸೇಬು, ನಲವತ್ತು ಅಂಜೂರ, ಐವತ್ತು ಸಾಲು ದ್ರಾಕ್ಷಿ. ಈ ಎಣಿಕೆ ಇಲ್ಲದ ಒಡಿಸ್ಸಿ ನನಗೆ ಬೇಡ.

ಯಾನ ಅಲ್ಲಿಗೂ ಮುಗಿದಿಲ್ಲ. ಇನ್ನೊಂದು ಬಾಕಿಯಿದೆಯೆಂದು ಪ್ರೇತಲೋಕದಲ್ಲಿ ಕಾಲಜ್ಞಾನಿ ಟೈರೀಸಿಯಸ್ ಹೇಳಿದ್ದ: ಹೆಗಲ ಮೇಲೆ ಹುಟ್ಟು ಹೊತ್ತು ಒಳನಾಡಿಗೆ ನಡೆ, ಅದನ್ನು ಕಾಳು ತೂರುವ ಸಲಿಕೆ ಎಂದುಕೊಳ್ಳುವ ಜನ ಸಿಕ್ಕಲ್ಲಿ ನೆಲಕ್ಕೆ ನೆಟ್ಟು ಪೊಸೈಡನ್‌ಗೆ ಬಲಿ ಕೊಡು. ಹೋಮರನ ನಾಯಕನ ಕೊನೆಯ ಯಾನ ಕಡಲಿಗೆ ಬೆನ್ನು ಹಾಕಿ ಹೋಗುವಂಥದು. ನಂತರದ ಕವಿಗಳು ಅವನನ್ನು ಮತ್ತೆ ಕಡಲಿಗೇ ಅಟ್ಟಿದರು. ಹೋಮರನನ್ನು ಗ್ರೀಕಿನಲ್ಲಿ ಓದದ ದಾಂತೆ, 1842ರಲ್ಲಿ ಪ್ರಕಟವಾದ ಕವಿತೆಯಲ್ಲಿ ಟೆನಿಸನ್, 1938ರಲ್ಲಿ 33,333 ಸಾಲು ಬರೆದ ಕಜಂತ್‌ಜಾಕಿಸ್, ಎಲ್ಲರಿಗೂ ಮನೆಯಲ್ಲಿ ನಿಲ್ಲಲಾರದ ಮನುಷ್ಯ ಬೇಕಿತ್ತು. 1922ರ ‘ಯೂಲಿಸಿಸ್’ನಲ್ಲಿ ಜೇಮ್ಸ್ ಜಾಯ್ಸ್ ಮಾತ್ರ ಒಂದೇ ದಿನದ ಡಬ್ಲಿನ್ ಬೀದಿಗಳಲ್ಲಿ ಸುತ್ತಿಸಿ ಮನೆಗೇ ತಂದು ಬಿಟ್ಟ, ಹೋಮರನಿಗೆ ಹೆಚ್ಚು ಹತ್ತಿರದವನು ಅವನೇ.

ಹೊಸದಾಗಿ ಓದಹೊರಟವರಿಗೆ ಒಂದು ಮಾತು. ಸಿಕ್ಕ ಯಾವ ಒಳ್ಳೆಯ ಅನುವಾದವಾದರೂ ಆದೀತು, ಆದರೆ ಸಂಕ್ಷಿಪ್ತ ಆವೃತ್ತಿ ಬೇಡ. ಅವು ಮೊದಲು ಕೈಬಿಡುವುದು ಯೂಮಿಯಸ್‌ನನ್ನು. ಪೂರ್ತಿ ಓದಲು ಬಿಡುವಿಲ್ಲದಿದ್ದರೆ 14, 19 ಮತ್ತು 23ನೆಯ ಸರ್ಗಗಳನ್ನು ಮೊದಲು ಓದಿ. ಆಮೇಲೆ 9ನೆಯದಕ್ಕೆ ಬನ್ನಿ. ಆ ಕಡಲ ಕಥೆಗಳನ್ನು ಹೇಳುತ್ತಿರುವವನು ಎಂಥವನು ಎಂಬುದು ಅಷ್ಟು ಹೊತ್ತಿಗೆ ನಿಮಗೆ ಗೊತ್ತಿರುತ್ತದೆ.